ಹಠದ ಹುಡುಗಿಗೆ ಸಿಕ್ಕ ಹಠದ ಟೀಚರ್

ಈಚೆಗೆ ಒಂದು ಮದುವೆಗೆ ಹೋಗಿದ್ದೆ. ಗಟ್ಟಿಮೇಳ ಶುರುವಾಗಿದ್ದೇ ತಡ, ಮುಂದಿನ ಸಾಲಿನಲ್ಲಿದ್ದ ಹತ್ತು ವರ್ಷದ ಹುಡುಗನೊಬ್ಬ ಎರಡೂ ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದು ಒದ್ದಾಡತೊಡಗಿದ. ಎತ್ತಿಕೊಳ್ಳಲು ಬಗ್ಗಿದ ಅಮ್ಮನ ಕೈಯನ್ನು ಕಚ್ಚಿಯೇ ಬಿಟ್ಟ. ಮಾತು ಬಾರದ ಮಗು ಅದು. ಸುತ್ತ ಇದ್ದವರು ಸುಮ್ಮನಿರ್ತಾರೆಯೇ? ಮುದ್ದು ಮಾಡಿ ಕೆಡಿಸಿದ್ದಾರೆ ಅಂತ ಒಬ್ಬರು, ಎರಡು ಬಿಟ್ಟರೆ ಸರಿಹೋಗ್ತಾನೆ ಅಂತ ಇನ್ನೊಬ್ಬರು, ಇಂಥ ಮಗುವನ್ನು ಯಾಕಾದರೂ ಕರೆದುಕೊಂಡು ಬರ್ತಾರೋ ಅಂತ ಮತ್ತೊಬ್ಬರು. ಊಟಕ್ಕೆ ಏಳುವ ಹೊತ್ತಿಗೆ ನೋಡಿದರೆ ಆ ತಾಯಿ ಛತ್ರದ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ, ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ಕೈಮೇಲೆ ಹಲ್ಲಿನ ಗುರುತು ಹಾಗೇ ಕಾಣುತ್ತಿತ್ತು.

ನಾನೂ ಏನೂ ಹೇಳದೆ ಬಂದೆ. ನಾಚಿಕೆ ಆಗುತ್ತೆ, ಆದರೂ ನಿಜ ಅದೇ. ಮನೆಗೆ ಬಂದ ಮೇಲೆ ನೆನಪಾದವಳು ಆ್ಯನ್ ಸಲಿವನ್. ಹೆಲನ್ ಕೆಲ್ಲರ್ ಅವರ ಟೀಚರ್ ಅಂದರೆ ನಿಮಗೆಲ್ಲ ಥಟ್ಟನೆ ಗೊತ್ತಾಗುತ್ತದೆ. ಕಣ್ಣು ಕಾಣದ, ಕಿವಿ ಕೇಳದ ಹುಡುಗಿಯ ಅಂಗೈ ಮೇಲೆ ನೀರು ಎಂದು ಬರೆದು ತೋರಿಸಿದ ಆ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದವರೇ. ಆದರೆ ಆ ನೀರಿನ ಪಂಪಿಗೆ ಮುಂಚೆ ಒಂದು ತಿಂಗಳ ಕಾಲ ಆ ಮನೆಯಲ್ಲಿ ಏನೇನಾಯಿತು ಅನ್ನುವುದು ನಮ್ಮ ಪಾಠದಲ್ಲಿ ಇರಲಿಲ್ಲ. ಆ ಟೀಚರ್ ಬಾಲ್ಯದಲ್ಲಿ ಸ್ವತಃ ಎಂಥ ಹುಡುಗಿಯಾಗಿದ್ದಳು ಅನ್ನುವುದಂತೂ ಇರಲೇ ಇಲ್ಲ.

ಯಾರಿಗೂ ಬೇಡವಾದ ಮಗು

ಆ್ಯನ್ ಹುಟ್ಟಿದ್ದು 1866ರ ಏಪ್ರಿಲ್ 14ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಹಳ್ಳಿಯಲ್ಲಿ. ತಂದೆತಾಯಿ ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದವರು. ತಂದೆಗೆ ಕುಡಿತ, ತಾಯಿಗೆ ಕ್ಷಯ. ಐದನೇ ವಯಸ್ಸಿನ ಹೊತ್ತಿಗೆ ಮಗುವಿಗೆ ಟ್ರಕೋಮಾ ಅನ್ನುವ ಕಣ್ಣಿನ ರೋಗ ತಗುಲಿತು. ರೆಪ್ಪೆಯ ಒಳಗೆಲ್ಲ ಗಂಟು ಗಂಟಾಗಿ, ಸದಾ ಉರಿ, ಸದಾ ನೀರು. ಬರಬರುತ್ತಾ ಎಲ್ಲವೂ ಮಂಜು ಮಂಜು. ನೋವು ತಡೆಯಲಾರದೆ ಮಗು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿತ್ತು. ಅದಕ್ಕೆ ಸಿಗುತ್ತಿದ್ದ ಔಷಧಿ ಅಪ್ಪನ ಏಟು.

ಎಂಟನೇ ವಯಸ್ಸಿಗೆ ತಾಯಿ ಹೋದರು. ಸ್ವಲ್ಪ ಕಾಲದಲ್ಲೇ ಅಪ್ಪ ಮಕ್ಕಳನ್ನು ಬಿಟ್ಟ. ತಂಗಿಯನ್ನು ನೆಂಟರು ಇಟ್ಟುಕೊಂಡರು. ಅರೆಗುರುಡಿ ಆ್ಯನ್ ಮತ್ತು ಸೊಂಟದ ಕ್ಷಯದಿಂದ ನೆಟ್ಟಗೆ ನಡೆಯಲಾಗದ ತಮ್ಮ ಜಿಮ್ಮಿ ಯಾರಿಗೂ ಬೇಡವಾದರು. 1876ರ ಫೆಬ್ರವರಿಯಲ್ಲಿ ಇಬ್ಬರನ್ನೂ ಟ್ಯೂಕ್ಸ್‌ಬರಿ ಎಂಬಲ್ಲಿದ್ದ ಸರ್ಕಾರದ ನಿರಾಶ್ರಿತರ ಕೇಂದ್ರಕ್ಕೆ ತಂದು ಬಿಟ್ಟರು. ಮುದುಕರು, ರೋಗಿಗಳು, ಮನಸ್ಸು ಸ್ತಿಮಿತದಲ್ಲಿ ಇಲ್ಲದವರು, ಗತಿಗೆಟ್ಟ ಬಸುರಿಯರು... ಎಲ್ಲರನ್ನೂ ಒಟ್ಟಿಗೆ ತುಂಬಿದ ಜಾಗ. ಮಕ್ಕಳು ಆಡಿಕೊಳ್ಳುತ್ತಿದ್ದ ಕೋಣೆ ಯಾವುದು ಗೊತ್ತೇ? ಸತ್ತವರನ್ನು ಮಣ್ಣಿಗೆ ಒಯ್ಯುವ ಮುಂಚೆ ಇಡುತ್ತಿದ್ದ ಹೆಣದ ಕೋಣೆ!

ಅಲ್ಲಿಗೆ ಕಾಲಿಟ್ಟ ದಿನವೇ ಅಧಿಕಾರಿಗಳು ಹುಡುಗಿಯನ್ನು ಹೆಂಗಸರ ಕಡೆಗೆ, ಹುಡುಗನನ್ನು ಗಂಡಸರ ಕಡೆಗೆ ಕಳಿಸಲು ನೋಡಿದರು. ಆ್ಯನ್ ಅತ್ತು ರಂಪ ಮಾಡಿಬಿಟ್ಟಳು. ಕೊನೆಗೆ ಅವರೇ ಸೋತು ಇಬ್ಬರನ್ನೂ ಒಂದೇ ಕಡೆ ಬಿಟ್ಟರು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಒಂಬತ್ತು ವರ್ಷದ ಆ ಮಗುವಿಗೆ ಮನವಿ ಪತ್ರ ಬರೆಯೋಕೆ ಬರುತ್ತಿರಲಿಲ್ಲ, ಪರವಾಗಿ ಮಾತಾಡುವ ಹಿರಿಯರೂ ಇರಲಿಲ್ಲ. ಅವಳ ಹತ್ತಿರ ಇದ್ದದ್ದು ಆ ಕೂಗು ಒಂದೇ. ಅದು ಕೆಲಸ ಮಾಡಿತು.

ಮೂರು ನಾಲ್ಕು ತಿಂಗಳಲ್ಲಿ ಜಿಮ್ಮಿ ತೀರಿಕೊಂಡ. ಎಚ್ಚರವಾಗಿ ಕೈಚಾಚಿದರೆ ಪಕ್ಕದಲ್ಲಿ ಅವನ ಹಾಸಿಗೆಯೇ ಇಲ್ಲ. ಆ ಹೆಣದ ಕೋಣೆಗೆ ತಡವರಿಸಿಕೊಂಡು ಹೋಗಿ, ಮುಟ್ಟಿ ನೋಡಿ ಅವನೇ ಅಂತ ತಿಳಿದಳು. ಮುಂದೆ ಎಷ್ಟೋ ವರ್ಷ ಇದನ್ನು ಅವಳು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ಅದೇ ಜಾಗದಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು. ಮಧ್ಯೆ ಕಣ್ಣಿನ ಆಪರೇಷನ್‌ಗಳಾದವು, ಪ್ರಯೋಜನ ಆಗಲಿಲ್ಲ. ಕಣ್ಣು ಕಾಣದವರಿಗೂ ಶಾಲೆ ಇದೆ ಅಂತ ಯಾರೋ ಹೇಳಿದ್ದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. 1880ರಲ್ಲಿ ಕೇಂದ್ರದ ತನಿಖೆಗೆ ದೊಡ್ಡ ಅಧಿಕಾರಿಗಳ ತಂಡ ಬಂತು. ಮುಖ್ಯಸ್ಥರ ಹೆಸರು ಸ್ಯಾನ್‌ಬಾರ್ನ್ ಅಂತ ಮಾತ್ರ ಇವಳಿಗೆ ಗೊತ್ತು. ಆ ಗುಂಪಿನಲ್ಲಿ ಅವರು ಯಾರು ಅನ್ನೋದು ಕಣ್ಣಿಗೆ ಕಾಣದು. ಹಿಂದೆ ಹಿಂದೆ ಹೋಗಿ, ಕೊನೆಗೆ ಗುಂಪಿಗೇ ನುಗ್ಗಿ, ನನ್ನನ್ನು ಶಾಲೆಗೆ ಕಳಿಸಿ ಅಂತ ಕೂಗಿಬಿಟ್ಟಳು. ಅದೇ ಅಕ್ಟೋಬರಿನಲ್ಲಿ ಅವಳನ್ನು ಬಾಸ್ಟನ್ ನಗರದ ಪರ್ಕಿನ್ಸ್ ಅಂಧರ ಶಾಲೆಗೆ ಸೇರಿಸಿದರು.

ಶಾಲೆಯಲ್ಲಿ ಬೆಂಕಿ ಚೆಂಡು

ಹದಿನಾಲ್ಕು ವರ್ಷ. ತನ್ನ ಹೆಸರು ಬರೆಯೋಕೂ ಬಾರದು. ಹಾಕಿಕೊಳ್ಳಲು ರಾತ್ರಿ ಉಡುಪಿಲ್ಲ, ಸ್ವಂತದ್ದು ಅಂತ ಒಂದು ಬಾಚಣಿಗೆ ಕೂಡ ಇಲ್ಲ. ಚಿಕ್ಕ ಚಿಕ್ಕ ಮಕ್ಕಳ ಜೊತೆ ಕೂತು ಅಕ್ಷರ ಕಲಿಯಬೇಕು. ಒಳ್ಳೆ ಮನೆತನದ ಹುಡುಗಿಯರು ಮುಸಿಮುಸಿ ನಕ್ಕರೆ ಸಿಟ್ಟು ಬಾರದೇ ಇರುತ್ತದೆಯೇ? ಎದುರುತ್ತರ, ಜಗಳ, ನಿಯಮ ಮುರಿಯುವುದು ಎಲ್ಲವೂ ನಡೆಯಿತು. ಶಾಲೆಯ ಮುಖ್ಯಸ್ಥರಾದ ಅನಾಗ್ನೋಸ್ ಅವಳಿಗೆ ಬೆಂಕಿ ಉಗುಳುವವಳು ಅನ್ನೋ ಅರ್ಥದ ಅಡ್ಡಹೆಸರನ್ನೇ ಇಟ್ಟಿದ್ದರು. ಶಾಲೆಯಿಂದ ಹೊರಹಾಕುವ ಮಾತೂ ಬಂದಿತ್ತು.

ಹೊರಹಾಕಿದ್ದರೆ ಹೆಲನ್ ಕೆಲ್ಲರ್ ಅನ್ನೋ ಹೆಸರೇ ನಮಗೆ ತಿಳಿಯುತ್ತಿರಲಿಲ್ಲವೇನೋ!

ಉಳಿಸಿದ್ದು ಕೆಲವೇ ಜನ. ಮುಖ್ಯವಾಗಿ ಶ್ರೀಮತಿ ಸೋಫಿಯಾ ಹಾಪ್ಕಿನ್ಸ್. ಶಾಲೆಯಲ್ಲಿ ಹುಡುಗಿಯರ ವಾಸದ ಮನೆ ನೋಡಿಕೊಳ್ಳುತ್ತಿದ್ದ ಈಕೆ ಆ್ಯನ್‌ಳನ್ನು ರಜೆಯಲ್ಲಿ ಸಮುದ್ರ ತೀರದ ತನ್ನ ಮನೆಗೆ ಕರೆದುಕೊಂಡು ಹೋಗುತ್ತಿದ್ದರು. 1881 ಮತ್ತು 1882ರಲ್ಲಿ ಮತ್ತೆ ಕಣ್ಣಿನ ಆಪರೇಷನ್ ಆಗಿ, ಅಚ್ಚಿನ ಅಕ್ಷರ ಓದುವಷ್ಟು ದೃಷ್ಟಿ ಬಂತು. ಇದನ್ನು ಬರೆಯುವಾಗ ನನಗೆ ಅನ್ನಿಸಿದ್ದು, ಹುಡುಗಿ ತಣ್ಣಗಾದದ್ದಕ್ಕೆ ಎಷ್ಟು ಪಾಲು ಪ್ರೀತಿ, ಎಷ್ಟು ಪಾಲು ಆ ಕಣ್ಣುರಿ ಕಡಿಮೆಯಾದದ್ದು? ಈಗಿನ ಡಾಕ್ಟರುಗಳೂ ಮೊದಲು ಕೇಳುವುದು ಇದನ್ನೇ. ಮಾತು ಬಾರದ ಮಗು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳಲು, ಕಚ್ಚಲು ಶುರು ಮಾಡಿದರೆ ಹಲ್ಲುನೋವೇ, ಕಿವಿ ಸೋರುತ್ತಿದೆಯೇ, ಮಲಬದ್ಧತೆಯೇ, ನಿದ್ದೆ ಇಲ್ಲವೇ, ದೊಡ್ಡ ಹುಡುಗಿಯಾದರೆ ಮುಟ್ಟಿನ ಹೊಟ್ಟೆನೋವೇ ಅಂತ ನೋಡದೆ ಹಠ ಅಂದುಬಿಡುವಂತಿಲ್ಲ. ನಮಗೆ ಹಲ್ಲು ನೋವು ಬಂದ ದಿನ ಮನೆಯವರ ಮೇಲೆಲ್ಲ ರೇಗಾಡುವುದಿಲ್ಲವೇ? ಹಾಗೆ.

ಪರ್ಕಿನ್ಸ್‌ನಲ್ಲಿ ಲಾರಾ ಬ್ರಿಡ್ಜ್‌ಮನ್ ಎಂಬ ಮಧ್ಯವಯಸ್ಸಿನ ಹೆಂಗಸು ವಾಸವಾಗಿದ್ದರು. ಕಣ್ಣು, ಕಿವಿ ಎರಡೂ ಇಲ್ಲದಿದ್ದರೂ ಭಾಷೆ ಕಲಿತು ಹೆಸರಾದವರು. ಅಂಗೈಯಲ್ಲಿ ಬೆರಳಿನಿಂದ ಒಂದೊಂದೇ ಅಕ್ಷರ ಮೂಡಿಸಿ ಮಾತಾಡುವ ವಿದ್ಯೆಯನ್ನು ಆ್ಯನ್ ಕಲಿತದ್ದು ಅವರ ಜೊತೆ ಹರಟಲಿಕ್ಕೆ. 1886ರಲ್ಲಿ ಆ್ಯನ್ ತರಗತಿಗೇ ಮೊದಲಿಗಳಾಗಿ ಓದು ಮುಗಿಸಿದಳು. ಇಪ್ಪತ್ತು ವರ್ಷ, ಹೋಗಲು ಮನೆ ಇಲ್ಲ, ಕೈಯಲ್ಲಿ ಕೆಲಸ ಇಲ್ಲ. ಆಗ ಬಂದದ್ದು ದಕ್ಷಿಣದ ಅಲಬಾಮಾ ರಾಜ್ಯದ ಟಸ್ಕಂಬಿಯಾ ಊರಿನ ಕ್ಯಾಪ್ಟನ್ ಕೆಲ್ಲರ್ ಅವರ ಕಾಗದ. ಮಗಳಿಗೆ ಟೀಚರ್ ಬೇಕು ಅಂತ.

ಊಟದ ಮನೆಯ ಯುದ್ಧ

ಹೆಲನ್ ಹುಟ್ಟಿದ್ದು 1880ರ ಜೂನ್ 27ರಂದು. ಹತ್ತೊಂಬತ್ತು ತಿಂಗಳಿಗೆ ಬಂದ ಜ್ವರ ಕಣ್ಣು ಕಿವಿ ಎರಡನ್ನೂ ಕಿತ್ತುಕೊಂಡಿತು. ಬುದ್ಧಿ ಮಾತ್ರ ಚುರುಕು. ಬೆಣ್ಣೆ ಹಚ್ಚಿದ ಬ್ರೆಡ್ ಬೇಕಾದರೆ ಕತ್ತರಿಸಿ ಸವರುವ ಹಾಗೆ, ಐಸ್‌ಕ್ರೀಂ ಬೇಕಾದರೆ ಚಳಿಯಲ್ಲಿ ನಡುಗುವ ಹಾಗೆ... ಹೀಗೆ ತಾನೇ ಮಾಡಿಕೊಂಡ ಹತ್ತಾರು ಸನ್ನೆಗಳಿದ್ದವು. ಆದರೆ ಬೆಳೆಯುವ ಮಗುವಿಗೆ ಅಷ್ಟು ಸಾಲುತ್ತದೆಯೇ? ಮನೆಯವರ ತುಟಿ ಅಲುಗಾಡುವುದನ್ನು ಮುಟ್ಟಿ ನೋಡಿ ತಾನೂ ತುಟಿ ಅಲುಗಿಸುತ್ತಿದ್ದಳು. ಯಾರಿಗೂ ಏನೂ ಅರ್ಥವಾಗದಾಗ ಸುಸ್ತಾಗುವ ತನಕ ಕಿರುಚಿ ಒದೆಯುತ್ತಿದ್ದಳು. ಒಮ್ಮೆ ಅಮ್ಮನನ್ನೇ ಸಾಮಾನಿನ ಕೋಣೆಯಲ್ಲಿ ಮೂರು ಗಂಟೆ ಕೂಡಿಹಾಕಿ, ಬಾಗಿಲು ಬಡಿಯುವ ಅದುರು ಕೈಗೆ ತಾಗಿದಾಗ ನಗುತ್ತಾ ಕೂತಿದ್ದಳು. ತನ್ನ ಬೊಂಬೆ ಮಲಗುವ ತೊಟ್ಟಿಲಲ್ಲಿ ಎಳೆ ತಂಗಿ ಮಲಗಿದ್ದು ತಿಳಿದು ತೊಟ್ಟಿಲನ್ನೇ ಮಗುಚಿ ಹಾಕಿದಳು. ಅಮ್ಮ ಹಿಡಿದುಕೊಳ್ಳದಿದ್ದರೆ ಮಗುವಿನ ಗತಿ? ನೆಂಟರಲ್ಲಿ ಕೆಲವರು ಹುಡುಗಿಯನ್ನು ಎಲ್ಲಾದರೂ ಸೇರಿಸಿಬಿಡಿ ಅನ್ನುವವರೂ ಇದ್ದರು. ತಂದೆತಾಯಿಗೆ ಮನಸ್ಸು ಬರದು. ಪಾಪ, ಏನೂ ಕಾಣದು, ಏನೂ ಕೇಳದು, ಬೇಕಾದ್ದನ್ನು ಕೊಟ್ಟುಬಿಡೋಣ ಅಂತ ಮನೆಮಂದಿಯೆಲ್ಲ ಬಗ್ಗಿ ನಡೆಯುತ್ತಿದ್ದರು.

1887ರ ಮಾರ್ಚ್ 3ರಂದು ಆ್ಯನ್ ಬಂದಿಳಿದಳು. ಹೆಲನ್ ಮೊದಲು ಮಾಡಿದ್ದೇ ಅವಳ ಕೈಚೀಲಕ್ಕೆ ಕೈಹಾಕಿದ್ದು. ಅಮ್ಮ ಕಿತ್ತುಕೊಳ್ಳಲು ಹೋದರೆ ಮುಖ ಕೆಂಪಗೆ ಮಾಡಿಕೊಂಡು ಸಿಡಿಯತೊಡಗಿದಳು. ಆ್ಯನ್ ಬೈಯಲಿಲ್ಲ, ಕಸಿಯಲೂ ಇಲ್ಲ. ತನ್ನ ಗಡಿಯಾರವನ್ನು ಹುಡುಗಿಯ ಕೈಗಿಟ್ಟಳು. ಸಿಟ್ಟು ಇಳಿಯಿತು. ಇಬ್ಬರೂ ಮಹಡಿ ಹತ್ತಿ ಹೋದರು. ಪರ್ಕಿನ್ಸ್ ಮಕ್ಕಳು ಕಳಿಸಿದ ಬೊಂಬೆಗೆ ಲಾರಾ ಬ್ರಿಡ್ಜ್‌ಮನ್ ಬಟ್ಟೆ ಹೊಲಿದಿದ್ದರು. ಅದನ್ನು ಕೊಟ್ಟು, ಬೊಂಬೆ ಅನ್ನುವ ಪದವನ್ನು ಅಂಗೈಯಲ್ಲಿ ಬೆರಳಿಂದ ಮೂಡಿಸಿದಳು. ಹುಡುಗಿ ಅದೇ ರೀತಿ ಬೆರಳು ಆಡಿಸಿದಳು. ಅದು ಹೆಸರು ಅನ್ನೋದು ಮಾತ್ರ ಗೊತ್ತಾಗಲಿಲ್ಲ, ಅವಳಿಗೆ ಅದೊಂದು ಆಟ.

ಆ ವಾರದಲ್ಲೇ ಹೊಸ ಟೀಚರನ್ನೂ ಕೋಣೆಯಲ್ಲಿ ಕೂಡಿ ಬೀಗ ಹಾಕಿ ಕೀ ಬಚ್ಚಿಟ್ಟಳು. ಅಪ್ಪ ಏಣಿ ಹಾಕಿ ಕಿಟಕಿಯಿಂದ ಆ್ಯನ್‌ಳನ್ನು ಇಳಿಸಬೇಕಾಯಿತು!

ಆಮೇಲೆ ಬಂತು ತಿಂಡಿಯ ಹೊತ್ತಿನ ಜಗಳ. ಹೆಲನ್‌ಗೆ ಎಲ್ಲರ ತಟ್ಟೆಗೂ ಕೈ ಹಾಕಿ ಬೇಕಾದ್ದನ್ನು ಎತ್ತಿ ತಿನ್ನುವ ಅಭ್ಯಾಸ. ಆ್ಯನ್ ತನ್ನ ತಟ್ಟೆಗೆ ಕೈ ಹಾಕಗೊಡಲಿಲ್ಲ. ಮನೆಯವರು ನೋಡಲಾರದೆ ಎದ್ದು ಹೋದರು. ಇವಳು ಬಾಗಿಲು ಹಾಕಿಕೊಂಡಳು. ಅರ್ಧ ಗಂಟೆ ಹುಡುಗಿ ನೆಲದ ಮೇಲೆ ಒದ್ದಾಡಿದಳು, ಟೀಚರ್ ಕೂತ ಕುರ್ಚಿಯನ್ನೇ ಎಳೆದಳು, ಚಿವುಟಿದಳು. ಚಿವುಟಿದಾಗಲೆಲ್ಲ ಆ್ಯನ್ ಏಟು ಕೊಟ್ಟಳು. ಚಮಚದಲ್ಲಿ ತಿನ್ನಿಸಿ, ನ್ಯಾಪ್ಕಿನ್ ಮಡಿಸಿ ಇಡಿಸುವ ತನಕ ಬಿಡಲಿಲ್ಲ. ಅದೆಲ್ಲ ಮುಗಿದ ಮೇಲೆ ತನ್ನ ಕೋಣೆಗೆ ಹೋಗಿ ಹಾಸಿಗೆಗೆ ಬಿದ್ದು ಚೆನ್ನಾಗಿ ಅತ್ತಳು. ಇದೆಲ್ಲ ನಮಗೆ ತಿಳಿದಿರುವುದು ಅವಳು ಹಾಪ್ಕಿನ್ಸ್ ಅವರಿಗೆ ಬರೆದ ಕಾಗದಗಳಿಂದ. ಆ ಊರಿನಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಅವಳಿಗೆ ಇನ್ಯಾರೂ ಇರಲಿಲ್ಲ. ಇಂಥ ಮಗುವನ್ನು ದಿನವಿಡೀ ನೋಡಿಕೊಳ್ಳುವವರಿಗೆ ಅಳಲು ಒಂದು ಕೋಣೆ, ಹೇಳಿಕೊಳ್ಳಲು ಒಂದು ಜೀವ ಎಷ್ಟು ಅಗತ್ಯ ಅಂತ ಆ ಛತ್ರದ ತಾಯಿಯನ್ನು ಕಂಡ ಮೇಲೆ ನನಗೆ ಗೊತ್ತಾಗಿದೆ.

ಆ ಏಟುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಆ್ಯನ್ ಎಷ್ಟೇ ದೊಡ್ಡವಳಿರಲಿ, ಅದು ತಪ್ಪು. ಏಟು ತಿಂದು ಬೆಳೆದವಳಿಗೆ ಏಟೇ ಮೊದಲು ಹೊಳೆಯಿತು. ಇವತ್ತು ಇಂಥ ಮಕ್ಕಳ ತಜ್ಞರು ಯಾರೂ ಅದನ್ನು ಒಪ್ಪುವುದಿಲ್ಲ. ಏಟು ತಿಂದ ಮಗು ಆ ಕ್ಷಣಕ್ಕೆ ಸುಮ್ಮನಾಗಬಹುದು, ಆದರೆ ತನಗೇನು ಬೇಕಿತ್ತು ಅಂತ ಹೇಳುವುದನ್ನು ಏಟು ಕಲಿಸುವುದಿಲ್ಲ.

ತೋಟದ ಮನೆ, ಆಮೇಲೆ ನೀರು

ಮನೆ ತುಂಬ ಜನ ಮಧ್ಯೆ ಬಾಯಿ ಹಾಕಿದರೆ ಆಗದು ಅಂತ ಆ್ಯನ್‌ಗೆ ಗೊತ್ತಾಯಿತು. ತಂದೆತಾಯಿಯನ್ನು ಒಪ್ಪಿಸಿ, ಮನೆಯಿಂದ ಕಾಲು ಮೈಲಿ ದೂರದ ಚಿಕ್ಕ ತೋಟದ ಮನೆಗೆ ಹುಡುಗಿಯನ್ನು ಕರೆದುಕೊಂಡು ಹೋದಳು. ಮೊದಲ ರಾತ್ರಿ ಮಲಗುವುದಕ್ಕೇ ಎರಡು ಗಂಟೆ ಗುದ್ದಾಟ. ಅಪ್ಪ ಅಮ್ಮ ದಿನಾ ಬಂದು ದೂರದಿಂದಲೇ ನೋಡಿಕೊಂಡು ಹೋಗುತ್ತಿದ್ದರು. ಆ ತಾಯಿಯ ಹೊಟ್ಟೆ ಎಷ್ಟು ಉರಿದಿರಬೇಡ! ಆದರೆ ಒಳಗೆ ದಿನಚರಿ ಕೂಡಿಬರುತ್ತಿತ್ತು. ಎದ್ದು ಬಟ್ಟೆ ಹಾಕಿಕೊಳ್ಳುವುದು, ತಿಂಡಿ, ಮಣಿ ಪೋಣಿಸುವುದು, ಹೊಲಿಗೆ, ಕ್ರೋಶ, ಮಧ್ಯೆ ಮಧ್ಯೆ ಬೆರಳಕ್ಷರ. ಮುಂದೇನು ಅಂತ ಮಗುವಿಗೆ ತಿಳಿಯತೊಡಗಿತು. ಕೈಗೆ ಕೆಲಸ ಸಿಕ್ಕಿತು. ಎರಡು ವಾರ ತುಂಬುವ ಮುಂಚೆ ಹೆಲನ್ ಟೀಚರ್ ಪಕ್ಕ ಕೂತು ಖುಷಿಯಾಗಿ ಕ್ರೋಶ ಹಾಕುತ್ತಿದ್ದಳು. ಅಪ್ಪ ಮನೆಯ ನಾಯಿ ಬೆಲ್ಲೆಯನ್ನು ಜೊತೆಗೆ ಕರೆತಂದ ದಿನ ಹುಡುಗಿ ನಾಯಿಯ ಪಕ್ಕ ಕೂತು ಅದರ ಪಂಜವನ್ನು ಏನೋ ಮಾಡುತ್ತಿದ್ದಳು. ನೋಡಿದರೆ ನಾಯಿಗೆ ಬೊಂಬೆ ಅನ್ನುವ ಪದದ ಅಕ್ಷರ ಕಲಿಸುತ್ತಿದ್ದಾಳೆ!

ದೊಡ್ಡ ಮನೆಗೆ ವಾಪಸ್ಸು ಬಂದ ದಿನವೇ ಪರೀಕ್ಷೆ. ಊಟದ ಮೇಜಿನಲ್ಲಿ ನ್ಯಾಪ್ಕಿನ್ ಎತ್ತಿ ಬಿಸಾಡಿದಳು. ಹಳೇ ಕಾಲ ಮರಳಿ ಬಂತೋ ಅಂತ ನೋಡಬೇಕಲ್ಲ! ಆ್ಯನ್ ತಟ್ಟೆ ತೆಗೆದಳು. ತನ್ನ ಮಗುವಿಗೆ ಯಾವ ಕಾರಣಕ್ಕೂ ಊಟ ತಪ್ಪಿಸಕೂಡದು ಅಂತ ಅಪ್ಪ ಅಡ್ಡ ಬಂದರು. ಆ್ಯನ್ ಅಲ್ಲಿ ವಾದಕ್ಕೆ ನಿಲ್ಲಲಿಲ್ಲ. ಮರುದಿನ ತಿಂಡಿಗೆ ಬಂದರೆ, ಹೆಲನ್ ತನ್ನದೇ ಹೊಸ ರೀತಿಯಲ್ಲಿ ನ್ಯಾಪ್ಕಿನ್ ಕತ್ತಿಗೆ ಸಿಕ್ಕಿಸಿಕೊಂಡು ಕೂತಿದ್ದಳು. ಹೇಗಿದೆ ಅನ್ನುವ ಹಾಗೆ ಟೀಚರ ಮುಖ ನೋಡಲಾರದ ಆ ಮಗು ಹೋಗುವಾಗ ಅವಳ ಕೈ ತಟ್ಟಿ ಹೋಯಿತು. ಊಟ ಕಿತ್ತುಕೊಳ್ಳುವ ವಿಷಯದಲ್ಲಿ ನನ್ನ ಓಟು ಅಪ್ಪನಿಗೇ. ಆದರೆ ನಿನ್ನೆ ಬೇಡ ಅಂದದ್ದು ಇವತ್ತೂ ಬೇಡವೇ, ಅಪ್ಪನಿಗೊಂದು ಅಮ್ಮನಿಗೊಂದು ಅಂತ ಇಲ್ಲ, ಅನ್ನುವುದು ಮಗುವಿಗೆ ತಿಳಿದಿತ್ತು ನೋಡಿ. ಅಜ್ಜಿ ತಾತ ಇರುವ ಮನೆಗಳಲ್ಲಿ ನಮಗೆ ಸಾಧ್ಯವಾಗದೇ ಹೋಗುವುದು ಇದೇ.

ಇಷ್ಟಾದರೂ ಆ ಮಗು ಟೀಚರಿಗೆ ಒಂದು ಮುತ್ತು ಕೊಟ್ಟಿರಲಿಲ್ಲ. ಸುಮ್ಮನಾಗಿದ್ದಳು, ಅಷ್ಟೇ. ಆ್ಯನ್ ಬೆರಳಿನಲ್ಲಿ ಹೇಳುತ್ತಿದ್ದದ್ದೆಲ್ಲ ಇನ್ನೂ ಆಟವೇ ಆಗಿತ್ತು. ಲೋಟಕ್ಕೂ ಅದರಲ್ಲಿರುವ ನೀರಿಗೂ ಬೇರೆ ಹೆಸರು ಅನ್ನುವುದು ಹೆಲನ್‌ಗೆ ತಲೆಗೇ ಹತ್ತದು. 1887ರ ಏಪ್ರಿಲ್ 5. ಬೆಳಗ್ಗೆ ಅದೇ ಪಾಠ ಹೇಳಿ ಹೇಳಿ ಸಾಕಾಗಿ, ಹುಡುಗಿ ಹೊಸ ಬೊಂಬೆಯನ್ನು ನೆಲಕ್ಕೆ ಅಪ್ಪಳಿಸಿ ಚೂರು ಮಾಡಿದಳು. ಸ್ವಲ್ಪವೂ ದುಃಖ ಆಗಲಿಲ್ಲ, ಬದಲಿಗೆ ಕಾಟ ತಪ್ಪಿತು ಅಂತ ನೆಮ್ಮದಿ ಆಯಿತು ಅಂತ ದೊಡ್ಡವಳಾದ ಮೇಲೆ ಅವಳೇ ಬರೆದುಕೊಂಡಿದ್ದಾಳೆ. ಆ್ಯನ್ ಚೂರುಗಳನ್ನು ಗುಡಿಸಿ ಒಲೆಯ ಮಗ್ಗುಲಿಗೆ ಒತ್ತರಿಸಿ, ಮಗುವನ್ನು ಹೊರಗೆ ಕರೆದುಕೊಂಡು ಹೋದಳು. ಬಯ್ಯಲಿಲ್ಲ. ಪಂಪಿನ ಬಾಯಿಗೆ ಲೋಟ ಹಿಡಿಸಿ ನೀರು ಹೊಡೆದಳು. ತಣ್ಣಗಿನ ನೀರು ಒಂದು ಕೈಮೇಲೆ ಸುರಿಯುತ್ತಿದ್ದಂತೆ, ಇನ್ನೊಂದು ಕೈಯಲ್ಲಿ ನೀರು ಅನ್ನುವ ಪದದ ಅಕ್ಷರಗಳನ್ನು ಮತ್ತೆ ಮತ್ತೆ ಮೂಡಿಸಿದಳು. ಹುಡುಗಿ ಲೋಟ ಕೈಬಿಟ್ಟು ನಿಂತುಬಿಟ್ಟಳು. ಆಮೇಲೆ ನೆಲ ಮುಟ್ಟಿ ಅದರ ಹೆಸರು ಕೇಳಿದಳು, ಪಂಪು ಮುಟ್ಟಿ ಕೇಳಿದಳು. ತಿರುಗಿ ಆ್ಯನ್ ಕಡೆಗೇ ಕೈತೋರಿಸಿ ಕೇಳಿದಳು. ಟೀಚರ್ ಅಂತ ಬರೆದಳು ಆ್ಯನ್. ಜೀವನಪರ್ಯಂತ ಹೆಲನ್ ಅವಳನ್ನು ಕರೆದದ್ದು ಆ ಹೆಸರಿನಿಂದಲೇ.

ಪಾಠದಲ್ಲಿ ಕಥೆ ಇಲ್ಲಿಗೆ ಮುಗಿಯುತ್ತೆ. ನನಗೆ ಮುಖ್ಯ ಅನ್ನಿಸಿದ್ದು ಆಮೇಲೆ ನಡೆದದ್ದು. ಮನೆಯೊಳಗೆ ಬಂದ ಹೆಲನ್‌ಗೆ ಬಾಗಿಲ ಹತ್ತಿರ ಬೊಂಬೆಯ ನೆನಪಾಯಿತು. ತಡವರಿಸುತ್ತಾ ಒಲೆಯ ಬಳಿ ಹೋಗಿ ಚೂರುಗಳನ್ನು ಎತ್ತಿ ಜೋಡಿಸಲು ನೋಡಿದಳು. ಆಗಲಿಲ್ಲ. ಕಣ್ಣು ತುಂಬಿ ಬಂತು. ತಾನು ಮಾಡಿದ್ದಕ್ಕೆ ಪಶ್ಚಾತ್ತಾಪ ಅಂತ ಅವಳಿಗಾದದ್ದು ಅದೇ ಮೊದಲು. ಒಂದು ತಿಂಗಳ ಗುದ್ದಾಟದಲ್ಲಿ ಬಾರದ ಪಶ್ಚಾತ್ತಾಪ ಒಂದು ಪದ ಸಿಕ್ಕ ದಿನ ಬಂತು! ಆ ರಾತ್ರಿ ಆ್ಯನ್ ಮಲಗಿದ ಮೇಲೆ ಹುಡುಗಿ ತಾನಾಗಿ ಬಂದು ತೋಳಿನೊಳಗೆ ಸೇರಿಕೊಂಡು ಮೊದಲ ಮುತ್ತು ಕೊಟ್ಟಳು.

ಅಲ್ಲಿಂದ ಆ್ಯನ್ ತನ್ನ ರೀತಿಯನ್ನೇ ಬದಲಾಯಿಸಿದಳು. ಹೆಲನ್‌ಳ ಹದಿನೈದು ತಿಂಗಳ ದಾಯಾದಿ ಮಗುವೊಂದನ್ನು ನೋಡುತ್ತಾ ಅವಳಿಗೊಂದು ವಿಷಯ ಹೊಳೆಯಿತು. ಮಕ್ಕಳಿಗೆ ಯಾರೂ ಹೊತ್ತು ಗೊತ್ತು ಮಾಡಿ ಭಾಷೆ ಕಲಿಸುವುದಿಲ್ಲ. ಅರ್ಥವಾಗಲಿ ಬಿಡಲಿ ಮಾತಾಡುತ್ತಲೇ ಇರುತ್ತೇವೆ, ಮಗು ಹೀರಿಕೊಳ್ಳುತ್ತೆ. ಹಾಗೇ ಹೆಲನ್‌ಳ ಅಂಗೈಗೆ ಇಡೀ ಇಡೀ ವಾಕ್ಯಗಳನ್ನು ದಿನವಿಡೀ ಹೇಳತೊಡಗಿದಳು. ಗಂಟೆ ಲೆಕ್ಕದ ಪಾಠ ನಿಂತಿತು. ಕಲಿಕೆಯೆಲ್ಲ ತೋಟದಲ್ಲಿ, ಮರದ ಕೆಳಗೆ, ನದಿಯ ದಂಡೆಯಲ್ಲಿ ಮಣ್ಣಿನ ಗುಡ್ಡ ಕಟ್ಟುತ್ತಾ. ಆಗಸ್ಟ್ ಕೊನೆಗೆ ಹುಡುಗಿಗೆ 625 ಪದ ಗೊತ್ತಿದ್ದವು.

ಸಿಟ್ಟು ಪೂರ್ತಿ ಹೋಯಿತೇ? ಇಲ್ಲ. ಆ ಬೇಸಿಗೆಯಲ್ಲೇ ಒಂದು ದಿನ ಹೆಲನ್ ಗಾಜಿನ ಲೋಟಕ್ಕೆ ಕಲ್ಲು ತುಂಬುತ್ತಿದ್ದಳು. ಒಡೆದೀತೆಂದು ಮನೆಗೆಲಸದ ಹುಡುಗಿ ಕಿತ್ತುಕೊಂಡಳು. ಶುರುವಾಯಿತು ಹೊಡೆತ, ಒದೆತ. ಆದರೆ ಈ ಸಲ ಆ್ಯನ್ ಬಂದು ಏನಾಯಿತು ಅಂದಾಗ ಹೆಲನ್ ಬೆರಳಿನಲ್ಲಿ ದೂರು ಹೇಳಿದಳು. ನೀನು ಹೊಡೆದದ್ದು ಅವಳಿಗೆ ನೋವಾಯಿತು ಅಂತ ಆ್ಯನ್ ಅಂದರೆ ವಾದವನ್ನೂ ಮಾಡಿದಳು! ಮಧ್ಯಾಹ್ನ ಆ್ಯನ್‌ಗೆ ಊಟ ಸೇರಲಿಲ್ಲ. ಕೊನೆಗೆ ಹೆಲನ್ ಬಿಕ್ಕಿ ಬಿಕ್ಕಿ ಅತ್ತು, ನಾಳೆಯಿಂದ ಒಳ್ಳೆಯವಳಾಗ್ತೇನೆ ಅಂದಳು. ಏಟು ಇರಲಿಲ್ಲ, ಬೀಗ ಹಾಕಿದ ಬಾಗಿಲೂ ಇರಲಿಲ್ಲ. ನಾಲ್ಕು ತಿಂಗಳ ಹಿಂದೆ ಇದೇ ಜಗಳವಾಗಿದ್ದರೆ ಲೋಟ, ಕಲ್ಲು ಅನ್ನುವುದು ಯಾರಿಗೂ ತಿಳಿಯುತ್ತಲೇ ಇರಲಿಲ್ಲ.

ಎಲ್ಲ ಮಕ್ಕಳೂ ಹೆಲನ್ ಆಗುವುದಿಲ್ಲ, ಅಂಥ ಆಸೆ ಹುಟ್ಟಿಸುವುದೂ ತಪ್ಪು. ಆದರೆ ಐದಾರು ಪದದ, ಇಲ್ಲ ಐದಾರು ಚಿತ್ರದ ಭಾಷೆಯಾದರೂ ಎಷ್ಟೋ ಮಕ್ಕಳಿಗೆ ಸಾಧ್ಯ. ಛತ್ರದ ಆ ತಾಯಿಯ ನಂಬರ್ ಹುಡುಕಿ ಆಮೇಲೊಮ್ಮೆ ನಾನೇ ಫೋನ್ ಮಾಡಿದೆ. ಅವರು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಮಗ ರಂಪ ಮಾಡಿದಾಗಲೆಲ್ಲ ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಏನಾಯಿತು ಅಂತ ಬರೆದಿಡುತ್ತಾರಂತೆ. ಥೆರಪಿಸ್ಟ್ ಹೇಳಿಕೊಟ್ಟದ್ದು. ಒಂದು ತಿಂಗಳು ಬರೆದ ಮೇಲೆ ನೋಡಿದರೆ ಅರ್ಧಕ್ಕರ್ಧ ಮಿಕ್ಸಿ ಹಾಕಿದಾಗ, ಕುಕ್ಕರ್ ಕೂಗಿದಾಗ! ಈಗ ಮಿಕ್ಸಿ ಹಾಕುವ ಮುಂಚೆ ಅವನಿಗೆ ಮಿಕ್ಸಿಯ ಚಿತ್ರ ತೋರಿಸುತ್ತಾರೆ, ಅವನು ತಾನೇ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಗಟ್ಟಿಮೇಳಕ್ಕೆ ಮಾತ್ರ ಚಿತ್ರ ಇರಲಿಲ್ಲ ಅಂತ ನಕ್ಕರು.

ಬದುಕಿನ ಉಳಿದ ಭಾಗ

ಆ್ಯನ್ ಮುಂದೆ ಹೆಚ್ಚೂಕಡಿಮೆ ಐವತ್ತು ವರ್ಷ ಹೆಲನ್ ಜೊತೆಗೇ ಇದ್ದಳು. 1900ರಲ್ಲಿ ಹೆಲನ್ ರ‍್ಯಾಡ್‌ಕ್ಲಿಫ್ ಕಾಲೇಜು ಸೇರಿದಾಗ ಪ್ರತಿ ತರಗತಿಯಲ್ಲೂ ಪಕ್ಕ ಕೂತು ಉಪನ್ಯಾಸವನ್ನೆಲ್ಲ ಅಂಗೈಗೆ ಹೇಳಿದಳು. ಪುಸ್ತಕ ಓದಿ ಓದಿ ತನ್ನ ಕಣ್ಣು ಮತ್ತೆ ಹಾಳಾಗುತ್ತಿದ್ದರೂ ಬಿಡಲಿಲ್ಲ. 1904ರಲ್ಲಿ ಹೆಲನ್ ಪದವಿ ಪಡೆದಳು. ಕಣ್ಣು ಕಿವಿ ಎರಡೂ ಇಲ್ಲದವರು ಬಿ.ಎ. ಮಾಡಿದ್ದು ಅದೇ ಮೊದಲು. ಆ್ಯನ್‌ಗೆ ಮಾತ್ರ ಯಾವ ಡಿಗ್ರಿಯೂ ಸಿಗಲಿಲ್ಲ, ಅದೇ ಪಾಠವನ್ನೆಲ್ಲ ಅವಳೂ ಓದಿದ್ದಳು ತಾನೆ!

1905ರಲ್ಲಿ ಆ್ಯನ್ ಜಾನ್ ಮೇಸಿ ಎಂಬ ಬರಹಗಾರನನ್ನು ಮದುವೆಯಾದಳು. ಹೆಲನ್‌ಳ ಆತ್ಮಕಥೆಯನ್ನು ಸಿದ್ಧಪಡಿಸಲು ನೆರವಾದವನು ಅವನೇ. ಸಂಸಾರ ಬಹಳ ಕಾಲ ಉಳಿಯಲಿಲ್ಲ, 1914ರ ಹೊತ್ತಿಗೆ ಬೇರೆಯಾದರು. ದುಡ್ಡಿನ ಕಷ್ಟಕ್ಕೆ 1920ರಿಂದ ಕೆಲವು ವರ್ಷ ಇಬ್ಬರೂ ನಾಟಕದ ರಂಗಗಳ ಮೇಲೆ ಕಾರ್ಯಕ್ರಮ ಕೊಟ್ಟರು. ಜನರ ಗದ್ದಲ ಹೆಲನ್‌ಗೆ ಇಷ್ಟ, ಆ್ಯನ್‌ಗೆ ಆ ದೀಪಗಳಿಂದ ಕಣ್ಣು ಉರಿ. ಸಿಡುಕು ಸ್ವಭಾವ ಪೂರ್ತಿ ಹೋಗಿರಲಿಲ್ಲ, ಒಮ್ಮೊಮ್ಮೆ ಮಂಕಾಗಿ ಯಾರ ಜೊತೆಯೂ ಮಾತಾಡದೆ ಕೂತುಬಿಡುತ್ತಿದ್ದಳು. ಟೆಂಪಲ್ ವಿಶ್ವವಿದ್ಯಾಲಯ ಗೌರವ ಪದವಿ ಕೊಡಲು ಬಂದಾಗ ಮೊದಲು ಬೇಡವೆಂದು, 1932ರಲ್ಲಿ ಒಪ್ಪಿಕೊಂಡಳು. ಟ್ಯೂಕ್ಸ್‌ಬರಿಯ ಕಥೆಯನ್ನು, ಆ ಹೆಣದ ಕೋಣೆಯನ್ನು, ಜಿಮ್ಮಿಯನ್ನು ಹೆಲನ್‌ಗೆ ಹೇಳಿದ್ದೂ ಅರವತ್ತು ದಾಟಿದ ಮೇಲೆಯೇ. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಅದೊಂದನ್ನು ಹೇಳಲು ಅವಳಿಗೆ ಭಾಷೆ ಸಿಕ್ಕಿರಲಿಲ್ಲ.

1935ರ ಹೊತ್ತಿಗೆ ಅವಳ ಕಣ್ಣು ಹೆಚ್ಚೂಕಡಿಮೆ ಪೂರ್ತಿ ಹೋಗಿತ್ತು. 1936ರ ಅಕ್ಟೋಬರ್ 20ರಂದು ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್ ಮನೆಯಲ್ಲಿ, ಎಪ್ಪತ್ತನೇ ವಯಸ್ಸಿನಲ್ಲಿ ಆ್ಯನ್ ತೀರಿಕೊಂಡಳು. ಹೆಲನ್ ಅವಳ ಕೈ ಹಿಡಿದು ಕೂತಿದ್ದಳು. ಚಿತಾಭಸ್ಮವನ್ನು ವಾಷಿಂಗ್ಟನ್ನಿನ ರಾಷ್ಟ್ರೀಯ ಚರ್ಚಿನಲ್ಲಿ ಇಟ್ಟರು. ಹೆಲನ್ ಆಮೇಲೂ ದೇಶ ದೇಶ ಸುತ್ತಿದಳು, 1955ರಲ್ಲಿ ನಮ್ಮ ಭಾರತಕ್ಕೂ ಬಂದು ಹೋದಳು. ಅದೇ ವರ್ಷ ಅವಳ ಒಂದು ಪುಸ್ತಕ ಹೊರಬಂತು, ಆ್ಯನ್ ಬಗ್ಗೆಯೇ ಬರೆದದ್ದು. ಅದಕ್ಕೆ ಇಟ್ಟ ಹೆಸರು ಟೀಚರ್. 1968ರ ಜೂನ್ 1ರಂದು ಹೆಲನ್ ಹೋದ ಮೇಲೆ ಅವಳ ಬೂದಿಯನ್ನೂ ಅದೇ ಚರ್ಚಿನಲ್ಲಿ, ಆ್ಯನ್ ಪಕ್ಕದಲ್ಲೇ ಇಟ್ಟಿದ್ದಾರೆ.